ಗುಡ್ಡದ ಮೇಲಿನ ಮೋಡದ ಪಾಠ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆ ಬಹುಮಟ್ಟಿಗೆ ಬಯಲು. ಆದರೂ ಸಣ್ಣದೊಂದು ಗುಡ್ಡವನ್ನೇರಿದರೆ ಹಲವು ಹರದಾರಿಗಳ ಆಕಾಶವು ಒಂದೇ ನೋಟಕ್ಕೆ ದೊರೆಯುವದು. ಆದಕಾರಣ ಗುಡ್ಡದ ಸಂಚಾರದಲ್ಲಿ ನಾವು ಹುಡುಗಿಯರಿಗೆ ಮೊದಲು ಕಲಿಸತಕ್ಕದ್ದು ಮೋಡವನ್ನು ಓದುವ ವಿದ್ಯೆಯೇ.

ಮುಂಗಾರಿನ ಗಾಳಿಯು ಸಹ್ಯಾದ್ರಿಯನ್ನೇರುವಾಗ ತಣ್ಣಗಾಗಿ ನೀರಿನ ಬಹುಭಾಗವನ್ನು ಅಲ್ಲಿಯೇ ಸುರಿಸುತ್ತದೆ. ನಮ್ಮ ಕಡೆಗೆ ಇಳಿಯುವಾಗ ಒಣಗಿರುತ್ತದೆ. ಇಲ್ಲಿಯ ಹೊಲಗಳು ಬಾಯಾರಿರುವಾಗಲೂ ಕೃಷ್ಣೆಯು ತುಂಬಿ ಹರಿಯುವದು ಇದರಿಂದಲೇ.

ಏಪ್ರಿಲ್, ಮೇ ತಿಂಗಳುಗಳ ಮಳೆಯ ರೀತಿ ಬೇರೆ. ಕಾದ ನೆಲದಿಂದ ಗಾಳಿಯು ಮೇಲಕ್ಕೇರಿ, ಮಧ್ಯಾಹ್ನದ ಮೇಲೆ ಹೂಕೋಸಿನಂತಹ ಮೋಡವು ಗೋಪುರವಾಗಿ ಬೆಳೆಯುತ್ತದೆ. ಅದರ ತಲೆಯು ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿ, ಬುಡವು ಕಪ್ಪಾದರೆ ಸಿಡಿಲು ಸಮೀಪಿಸಿತೆಂದು ತಿಳಿಯಬೇಕು. ಒಮ್ಮೆಲೇ ಧೂಳೆಬ್ಬಿಸುವ ತಣ್ಣನೆಯ ಗಾಳಿಯು ಅದರ ದೂತನು.

ಮಿಂಚು ಕಂಡೊಡನೆ ಎಣಿಸತೊಡಗಿರಿ. ಗುಡುಗಿನ ಶಬ್ದವು ಸುಮಾರು 3 ಸೆಕೆಂಡಿಗೆ 1 ಕಿಲೋಮೀಟರು ಸಾಗುವದು. 30 ಎಣಿಸುವದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗೆ ಇದೆ. ಕೂಡಲೆ ಇಳಿದು ಗಟ್ಟಿಯಾದ ಕಟ್ಟಡವನ್ನು ಸೇರಬೇಕು. ಕಡೆಯ ಗುಡುಗಿನ ತರುವಾಯ 30 ನಿಮಿಷ ಹೊರಡಬಾರದು. ಒಂಟಿ ಬೇವಿನ ಮರವು ಆಸರೆಯಲ್ಲ, ಅಪಾಯವೇ.

ಪೋಷಕರೇ, ಹಳೆಯ ವಿದ್ಯಾರ್ಥಿನಿಯರೇ, ವರ್ಷವರ್ಷವೂ ಹೊಲದಲ್ಲಿ ದುಡಿಯುವವರೂ ಕುರಿ ಕಾಯುವವರೂ ಸಿಡಿಲಿಗೆ ಬಲಿಯಾಗುತ್ತಲಿದ್ದಾರೆ. ತುದಿಯನ್ನು ಮುಟ್ಟದೆ ಹಿಂದಿರುಗಿದ ಹುಡುಗಿಯನ್ನು ಅಂಜುಬುರುಕಿಯೆಂದು ಹಾಸ್ಯಮಾಡಬೇಡಿರಿ. ಪಾಠವನ್ನು ಚೆನ್ನಾಗಿ ಕಲಿತವಳು ಅವಳೇ. ದೇವರು ಕೊಟ್ಟ ಕಣ್ಣು ಕಿವಿಗಳನ್ನು ಎಚ್ಚರದಿಂದ ಉಪಯೋಗಿಸುವದೂ ಆತನಿಗೆ ಸಲ್ಲಿಸುವ ಕೃತಜ್ಞತೆಯೇ.