ಕೊಳ್ಳುವ ಮುನ್ನ

ತಿಕೋಟಾ ತಾಲ್ಲೂಕಿನ ಕನಮಡಿಯಲ್ಲಿ ಒಣದ್ರಾಕ್ಷಿ ಮಾರಿದ ರೈತನೊಬ್ಬನು ಮಗಳ ಓದಿಗಾಗಿ ಟ್ಯಾಬ್ಲೆಟ್ ಗಣಕವನ್ನು ಕೊಳ್ಳಲು ಹೊರಟಿದ್ದಾನೆಂದು ಭಾವಿಸೋಣ. ಆ ಹಣ ವರ್ಷವಿಡೀ ದುಡಿದುದು; ಬಳ್ಳಿಗೆ ಔಷಧ ಸಿಂಪಡಿಸಲೂ ಅದೇ ಬೇಕು. ಆದುದರಿಂದ ಅಂಗಡಿಯವನ ಮಾತಿಗಿಂತ ವಸ್ತುವನ್ನೇ ಪರೀಕ್ಷಿಸುವುದು ಲೇಸು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇತರರೊಡನೆ ಕೂಡಿ ‘ಸಿಂಪ್ಯೂಟರ್’ ಎಂಬ ಅಂಗೈಗಣಕವನ್ನು ರೂಪಿಸಿದ್ದರು. 2001ರಲ್ಲಿ ಅದರ ಮಾದರಿ ಹೊರಬಂದಿತು. ಹಲವರು ಒಂದೇ ಯಂತ್ರವನ್ನು ಬಳಸಲೆಂದು ಅದಕ್ಕೆ ಸ್ಮಾರ್ಟ್ ಕಾರ್ಡಿನ ಏರ್ಪಾಡಿತ್ತು: ಯಂತ್ರ ಊರಿನದು, ಕಾರ್ಡು ತನ್ನದು. ಎಷ್ಟು ಸೊಗಸಾದ ಕಲ್ಪನೆ! ಆದರೆ 2004ರಲ್ಲಿ ಮಾರಾಟಕ್ಕೆ ಬಂದಾಗ ಬೆಲೆ ಸುಮಾರು 10,000 ರೂಪಾಯಿ. ನಿರೀಕ್ಷಿಸಿದಷ್ಟು ಜನ ಕೊಳ್ಳಲಿಲ್ಲ. 2011ರ ‘ಆಕಾಶ್’ ಟ್ಯಾಬ್ಲೆಟ್ ಅಗ್ಗವಾಗಿತ್ತು. ಅದರ ಪರದೆಯನ್ನಾದರೋ ಒತ್ತಿ ಒತ್ತಿ ಬಳಸಬೇಕಾಗಿತ್ತು.

ನಮ್ಮ ರೈತನು ಮೊದಲು ಪಠ್ಯಪುಸ್ತಕದ ಒಂದು ಪುಟವನ್ನು ತೆರೆಯಿಸಲಿ. ಒತ್ತಕ್ಷರಗಳು ಬಿಸಿಲಿನಲ್ಲೂ ಸ್ಪಷ್ಟವಾಗಿ ಕಾಣುವುವೇ? ವಿದ್ಯುತ್ತು ಹೋದರೆ ಎಷ್ಟು ತಾಸು ನಡೆದೀತು? ಗಾಜು ಒಡೆದರೆ ವಿಜಯಪುರದಲ್ಲಿ ದುರಸ್ತಿಯಾದೀತೇ? ತಯಾರಕರು ಎಷ್ಟು ವರ್ಷ ತಂತ್ರಾಂಶವನ್ನು ನವೀಕರಿಸಿಕೊಡುವರು? ಈ ಕೊನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಮಗಳನ್ನೂ ಜೊತೆಗೆ ಕರೆದೊಯ್ಯಲಿ, ಓದುವವಳು ಅವಳಲ್ಲವೇ?