ಡುಬ್ಬ ಏರದ ಹೋರಿಗೆ ನೊಗ ಹೊಂದಿಸುವುದು ಹೇಗೆ?

ಬೂಕನಬೆಟ್ಟದಲ್ಲೋ ರಾಮನಾಥಪುರದ ಷಷ್ಠಿ ಜಾತ್ರೆಯಲ್ಲೋ ಹಳ್ಳಿಕಾರ್ ಹೋರಿ ಹಿಡಿಯುವವರು ಹಲ್ಲು, ಸುಳಿ, ಕೊಂಬು, ಗೊರಸು ಎಲ್ಲವನ್ನೂ ನೋಡುತ್ತಾರೆ. ಮನೆಗೆ ತಂದ ಮೇಲೆ ಹೂಡುವುದು ಮಾತ್ರ ಅಟ್ಟದ ಮೇಲಿದ್ದ ಹಳೆಯ ನೊಗಕ್ಕೆ. ‘ನಾಲ್ಕು ದಿನ ಉಜ್ಜಿದರೆ ಹೆಗಲು ತಾನೇ ಗಟ್ಟಿಯಾಗುತ್ತೆ’ ಎಂಬ ಮಾತು ಚನ್ನರಾಯಪಟ್ಟಣದಿಂದ ಅರಕಲಗೂಡಿನವರೆಗೂ ಕೇಳಿಬರುತ್ತದೆ. ಹಾಗೆ ಗಟ್ಟಿಯಾಗುವುದು ಬಹುಪಾಲು ಹೆಗಲು ಬಾವಿನ ಗಡ್ಡೆ.

ಎರಡು ಹಲ್ಲಿನ ಹೋರಿಗೆ ಸುಮಾರು ಎರಡೂವರೆ ವರ್ಷ. ಕತ್ತು ಅಗಲವಾಗಿದ್ದರೂ ಡುಬ್ಬ ಇನ್ನೂ ಏರಿರುವುದಿಲ್ಲ. ಎಳೆಯದರಲ್ಲೇ ಬೀಜ ಒಡೆಸಿದ್ದರೆ ಡುಬ್ಬ ಚಿಕ್ಕದಾಗಿಯೇ ಉಳಿಯುತ್ತದೆ. ಡುಬ್ಬ ತಗ್ಗಿದ್ದರೆ ಎಳೆಯುವಾಗ ನೊಗ ಹಿಂದಕ್ಕೆ ಜಾರಿ ಅದರ ಮೇಲೇ ಹತ್ತುತ್ತದೆ. ಸೀಮೆಹಸುವಿನ ಗಂಡುಕರುಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಡುಬ್ಬವೇ ಇಲ್ಲದ ದನಗಳ ಸ್ಪೇನ್, ಫ್ರಾನ್ಸ್‌ಗಳಲ್ಲಿ ನೊಗವನ್ನು ಕೊಂಬಿಗೇ ಬಿಗಿಯುತ್ತಿದ್ದರು. ಕರುವಾಗಿದ್ದಾಗಲೇ ಕೊಂಬು ಸುಡಿಸಿದ ನಮ್ಮ ಸೀಮೆಹೋರಿಗಳಿಗೆ ಆ ದಾರಿಯೂ ಇಲ್ಲ.

ಮೊದಲು ಅಳತೆ. ಹೋರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ತಲೆ ಎತ್ತಿಸದೆ, ಬಾಗುವ ದಪ್ಪ ತಂತಿಯೊಂದನ್ನು ಡುಬ್ಬದ ಮುಂದೆ ಕತ್ತಿನ ಮೇಲೆ ಅಡ್ಡಲಾಗಿ ಒತ್ತಿ. ಅದೇ ಆಕಾರವನ್ನು ರಟ್ಟಿನ ಮೇಲೆ ಗೀಚಿ ಕತ್ತರಿಸಿ. ಜೋಡಿಯ ಎರಡಕ್ಕೂ ಬೇರೆ ಬೇರೆ ರಟ್ಟು ಬೇಕು. ಆಚಾರಿಗೆ ಬಾಯಿಮಾತಿನ ಅಳತೆ ಹೇಳುವುದಕ್ಕಿಂತ ಇದನ್ನು ಕೊಡುವುದು ಮೇಲು. ಗುಂಡನೆಯ ಮರ ಕತ್ತಿಗೆ ತಾಗುವುದು ಒಂದು ಸಣ್ಣ ಪಟ್ಟಿಯಷ್ಟೇ ಜಾಗದಲ್ಲಿ. ಭಾರವೆಲ್ಲ ಅಲ್ಲಿಗೇ ಬೀಳುತ್ತದೆ. ಆದ್ದರಿಂದ ಹೆಗಲು ಕೂರುವ ಕಡೆ ತಳವನ್ನು ಅಗಲವಾಗಿ ಕೆತ್ತಿಸಿ, ಅಂಚು ದುಂಡಾಗಿಸಿ, ನುಣ್ಣಗೆ ಉಜ್ಜಿಸಿ. ಮರ ಹಗುರವಾಗಿರಲಿ, ಚೆನ್ನಾಗಿ ಒಣಗಿರಲಿ.

ನೊಗದ ಉದ್ದವನ್ನು ಕೆಲಸ ನಿರ್ಧರಿಸುತ್ತದೆ. ಆಲೂಗಡ್ಡೆ, ಹೊಗೆಸೊಪ್ಪಿನ ಸಾಲುಗಳ ನಡುವೆ ಎಡೆಕುಂಟೆ ಹೊಡೆಯಲು ಉದ್ದದ್ದು ಬೇಕು, ಗಾಡಿಗೆ ಗಿಡ್ಡದು. ಕತ್ತಿನ ಎರಡೂ ಬದಿಯ ಗೂಟಕ್ಕೂ ಚರ್ಮಕ್ಕೂ ನಡುವೆ ಎರಡು ಬೆರಳು ಆಡಬೇಕು. ಕೊರಳ ಹಗ್ಗದ ಕೆಳಗೆ ಅಂಗೈ ಸಲೀಸಾಗಿ ತೂರಬೇಕು.

ಇನ್ನು ಪರೀಕ್ಷೆ. ನೊಗದ ತಳಕ್ಕೆ ಇದ್ದಿಲ ಪುಡಿ ಸವರಿ, ಸಣ್ಣ ಕೊರಡೊಂದನ್ನು ಎಳೆಸುತ್ತಾ ಹೊಲದ ಒಂದು ಸುತ್ತು ಹೊಡೆಯಿರಿ. ಹಳ್ಳಿಕಾರಿನ ಬೂದು ಮೈಮೇಲೆ ಗುರುತು ಚೆನ್ನಾಗಿ ಕಾಣುತ್ತದೆ. ಕಪ್ಪು ಅಗಲಕ್ಕೆ ಸಮನಾಗಿ ಹರಡಿದ್ದರೆ ಸರಿ. ಒಂದೇ ಕಡೆ ಗಾಢವಾಗಿದ್ದರೆ ಅಲ್ಲಿ ಇನ್ನೂ ಕೆತ್ತಬೇಕು. ಡುಬ್ಬದ ಮೇಲೂ ಕಪ್ಪು ಹತ್ತಿದ್ದರೆ ನೊಗ ಜಾರುತ್ತಿದೆ ಎಂದರ್ಥ. ಆಗ ಕೆಲವರು ಗೋಣಿಚೀಲ ಮಡಚಿ ತುರುಕುತ್ತಾರೆ. ಅದರ ಮಡಿಕೆಗಳೇ ಚರ್ಮವನ್ನು ಕೀಳುತ್ತವೆ, ಬೇಡ.

ನೊಗ ಸರಿಯಿದ್ದೂ ಹೆಗಲು ಕೆಟ್ಟರೆ ಗಾಡಿಯ ಭಾರ ನೋಡಿ. ಮುಂಭಾರವಾದರೆ ಮೂಕಿ ಕತ್ತನ್ನು ಕೆಳಕ್ಕೆ ಒತ್ತುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಉಸಿರುಕೊಳವೆಯನ್ನು ಬಿಗಿಯುತ್ತದೆ, ಎಳೆಯ ಹೋರಿ ಅಲ್ಲೇ ಹೆದರಿಬಿಡುತ್ತದೆ. ಹೊರೆ ಅಚ್ಚಿನ ಮೇಲೆ ಕೂರುವಂತೆ ಹೇರಿ. ಜೋಡಿಯ ಎತ್ತರದಲ್ಲಿ ವ್ಯತ್ಯಾಸವಿದ್ದರೆ ಉಳುವಾಗ ಎತ್ತರದ್ದನ್ನು ನೇಗಿಲ ಸಾಲಿನೊಳಗೆ ನಡೆಸಿದರೆ ನೊಗ ಮಟ್ಟವಾಗಿ ನಿಲ್ಲುತ್ತದೆ.

ದಿನವಿಡೀ ಎಳೆಯುವ ಎತ್ತಿನ ಶಕ್ತಿ ಅದರ ತೂಕದ ಹತ್ತನೇ ಒಂದು ಭಾಗದ ಆಸುಪಾಸು. ಪಳಗುತ್ತಿರುವ ಹೋರಿಯಿಂದ ಅಷ್ಟನ್ನೂ ಕೇಳಬೇಡಿ. ಪಳಗಿದ ಎತ್ತಿನ ಜೊತೆಗೆ ಬರೀ ನೊಗ, ಆಮೇಲೆ ಕೊರಡು, ಆಮೇಲೆ ಕುಂಟೆ. ಬೆಳೆದ ಎತ್ತನ್ನೂ ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ಗಾಡಿಗೆ ಹೂಡಬಾರದೆಂದು 1965ರ ಕೇಂದ್ರ ನಿಯಮವೇ ಹೇಳುತ್ತದೆ.

ನೊಗ ಇಳಿಸಿದ ಕೂಡಲೇ ಹೆಗಲನ್ನು ಅಂಗೈಯಿಂದ ಸವರಿ ನೋಡಿ. ಬಿಸಿ, ಊತ, ಕೂದಲು ಸವೆತ ಕಂಡರೆ ತಣ್ಣೀರು ಹಾಕಿ, ಇಳಿಯುವವರೆಗೆ ಹೂಡಬೇಡಿ. ಬರೆ ಹಾಕಿಸುವುದೂ ಗಡ್ಡೆ ಕುಯ್ಯುವುದೂ ಬೇಡವೇ ಬೇಡ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಇದೆ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ಬಾಯಿಗೂಡುವವರೆಗೂ ಹೋರಿಯ ಕತ್ತು ದಪ್ಪವಾಗುತ್ತಲೇ ಇರುತ್ತದೆ. ಹೊಸ ನೊಗ ಮಾಡಿಸುವಾಗಲೇ ಗೂಟಕ್ಕೆ ಒಂದರ ಪಕ್ಕ ಒಂದರಂತೆ ಎರಡು ಮೂರು ತೂತು ಕೊರೆಸಿ, ಪ್ರತಿ ಮುಂಗಾರಿಗೆ ಮುಂಚೆ ರಟ್ಟಿನ ಅಳತೆ ಮತ್ತೊಮ್ಮೆ ತೆಗೆದು ಗೂಟವನ್ನು ಹೊರಗಿನ ತೂತಿಗೆ ಸರಿಸಿಕೊಳ್ಳಿ.