ಮಕ್ಕಳ ರಕ್ಷಣಾ ಕಾರ್ಯಕರ್ತರು: ಆಕ್ಷೇಪ ಮತ್ತು ಸಮಾಧಾನ

ಮಗು ತಂದೆ-ತಾಯಿಗಳದೆಂಬುದು ಲೋಕರೂಢಿಯ ಮಾತು. ಮಗು ಸಮಾಜದ್ದೂ ಹೌದೆಂಬುದು ಕಾಯಿದೆಯ ಮಾತು. ಈ ಎರಡು ಮಾತುಗಳ ನಡುವೆ ನಿಂತು ಕೆಲಸ ಮಾಡಬೇಕಾದವನೇ ಮಕ್ಕಳ ರಕ್ಷಣಾ ಕಾರ್ಯಕರ್ತ. ಆದ್ದರಿಂದ ಅವನು ಎರಡೂ ಕಡೆಯಿಂದ ನಿಂದೆಗೆ ಗುರಿಯಾಗುವುದು ಅಚ್ಚರಿಯಲ್ಲ. ಆ ನಿಂದೆಯಲ್ಲಿ ಸತ್ಯವೆಷ್ಟು, ಅದಕ್ಕೆ ಸಮಾಧಾನವೇನು ಎಂಬುದನ್ನು ಅರಿಯುವುದು ಮಕ್ಕಳೊಡನೆ ದಿನನಿತ್ಯ ವ್ಯವಹರಿಸುವ ಶಿಕ್ಷಕ ವರ್ಗಕ್ಕೆ ಅತ್ಯವಶ್ಯಕ.

ಚಿಂಚೋಳಿ ತಾಲ್ಲೂಕಿನ ಐನಾಪುರದಂಥ ಊರಿನಲ್ಲಿ ನಡೆಯಬಹುದಾದ ಒಂದು ಪ್ರಸಂಗವನ್ನು ಊಹಿಸಿಕೊಳ್ಳಬಹುದು. ತೊಗರಿಯ ರಾಶಿ ಮುಗಿದಿದೆ. ತಂದೆ-ತಾಯಿ ದುಡಿಮೆಗೆಂದು ಹೈದರಾಬಾದಿಗೋ ಮುಂಬಯಿಗೋ ಹೊರಡಬೇಕು. ಮನೆಯಲ್ಲಿ ಹದಿನಾರರ ಮಗಳು. ಹತ್ತನೆಯ ತರಗತಿ ಮುಗಿಸಿದವಳು. ಅವಳನ್ನು ಒಂಟಿಯಾಗಿ ಬಿಡಲು ಭಯ, ಕರೆದೊಯ್ಯಲು ಸಂಕೋಚ. ಬಂಧುಗಳಲ್ಲಿ ಒಬ್ಬ ವರನಿದ್ದಾನೆ. ಲಗ್ನ ನಿಶ್ಚಯವಾಗುತ್ತದೆ. ಯಾರೋ 1098ಕ್ಕೆ ಕರೆ ಮಾಡುತ್ತಾರೆ. ಹಂದರದ ಮುಂದೆ ಸರಕಾರದ ವಾಹನ ಬಂದು ನಿಲ್ಲುತ್ತದೆ. ಆಗ ಊರಿನ ಅರ್ಧ ಜನ, "ಇವರಿಗೇಕೆ ನಮ್ಮ ಮನೆಯ ಉಸಾಬರಿ?" ಎನ್ನುತ್ತಾರೆ. ಲಗ್ನ ನಡೆದುಹೋಗಿ ಆರು ತಿಂಗಳಲ್ಲಿ ಆ ಹುಡುಗಿಗೆ ಅನಾಹುತವಾಗಿದ್ದರೆ ಅದೇ ಜನ, "ಅಧಿಕಾರಿಗಳು ಎಲ್ಲಿದ್ದರು?" ಎಂದು ಕೇಳುತ್ತಿದ್ದರು. ಕಾರ್ಯಕರ್ತನ ಸಂಕಟವೆಲ್ಲ ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆ.

ಕಾಯಿದೆಯ ಹಿನ್ನೆಲೆ

ಈ ಹಸ್ತಕ್ಷೇಪ ನಿನ್ನೆ ಮೊನ್ನೆಯದಲ್ಲ. ಮೈಸೂರು ಸಂಸ್ಥಾನವು 1894ರಲ್ಲಿಯೇ ಎಂಟು ವರ್ಷದೊಳಗಿನ ಬಾಲೆಯರ ವಿವಾಹವನ್ನು ನಿಷೇಧಿಸಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ವಧುವಿನ ವಯಸ್ಸನ್ನು 14ಕ್ಕೆ ನಿಗದಿಪಡಿಸಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ ಪ್ರದೇಶ ಆ ಕಾಯಿದೆಯ ವ್ಯಾಪ್ತಿಯ ಹೊರಗಿತ್ತು. 1978ರ ತಿದ್ದುಪಡಿ ವಧುವಿಗೆ 18, ವರನಿಗೆ 21 ಎಂದು ವಿಧಿಸಿತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು ಇಂಥ ವಿವಾಹವನ್ನು ಬಾಲ್ಯದಲ್ಲಿ ವಿವಾಹವಾದವರ ಕೋರಿಕೆಯ ಮೇರೆಗೆ ರದ್ದುಗೊಳಿಸಬಹುದೆಂದಿತು. ಕರ್ನಾಟಕವು ತನ್ನ 2016ರ ತಿದ್ದುಪಡಿಯಿಂದ ಇನ್ನೂ ಮುಂದೆ ಹೋಗಿ, ಅಂಥ ವಿವಾಹ ಮೊದಲಿನಿಂದಲೇ ಅಸಿಂಧುವೆಂದು ಸಾರಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕ್ರಮವನ್ನು ಮೆಚ್ಚಿ, ಇತರ ರಾಜ್ಯಗಳೂ ಅನುಸರಿಸುವುದು ಯುಕ್ತವೆಂದು ಅಭಿಪ್ರಾಯಪಟ್ಟಿತು.

2015ರ ಬಾಲನ್ಯಾಯ ಕಾಯಿದೆಯು ಬಾಲ್ಯವಿವಾಹದ ಅಪಾಯದಲ್ಲಿರುವ ಮಗುವನ್ನೂ ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವೆಂದೇ ಪರಿಗಣಿಸುತ್ತದೆ. ಅಂಥ ಮಗುವನ್ನು ಪ್ರಯಾಣದ ಅವಧಿಯನ್ನುಳಿದು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರೊಬ್ಬರು, ನಾಲ್ವರು ಸದಸ್ಯರಿರುವ ಈ ಸಮಿತಿಯೇ ತೀರ್ಮಾನ ಕೈಗೊಳ್ಳತಕ್ಕದ್ದು. ಸಾಮಾಜಿಕ ತನಿಖೆಯ ವರದಿಗೆ 15 ದಿನ, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳು ಗಡುವಿದೆ. ಕಾರ್ಯಕರ್ತನು ವಿಚಾರಿಸುವವನು, ವರದಿ ಮಾಡುವವನು, ತೀರ್ಪು ಕೊಡುವವನಲ್ಲ. ಜನಸಾಮಾನ್ಯರು ಮರೆಯುವ ಮೊದಲ ಸಂಗತಿ ಇದು.

ಆಕ್ಷೇಪಗಳು

ಮೊದಲನೆಯ ಆಕ್ಷೇಪ: ಇವರು ಕುಟುಂಬವನ್ನು ಒಡೆಯುತ್ತಾರೆ, ಬಡತನವನ್ನೇ ಅಪರಾಧವೆಂದು ಬಗೆಯುತ್ತಾರೆ ಎಂಬುದು. ಇದು ನಿರಾಧಾರವಾದುದಲ್ಲ. 1987ರಲ್ಲಿ ಇಂಗ್ಲೆಂಡಿನ ಕ್ಲೀವ್‌ಲೆಂಡ್ ಪ್ರಾಂತದಲ್ಲಿ ವೈದ್ಯರ ಅಭಿಪ್ರಾಯವೊಂದನ್ನೇ ನೆಚ್ಚಿ ಕೆಲವೇ ತಿಂಗಳುಗಳಲ್ಲಿ ನೂರಕ್ಕೂ ಮಿಕ್ಕಿದ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಭಾವಿಸಿ, ಅನೇಕರನ್ನು ಮನೆಗಳಿಂದ ಬೇರ್ಪಡಿಸಲಾಯಿತು. ಅವರಲ್ಲಿ ಬಹುಪಾಲು ಮಕ್ಕಳು ಆ ಬಳಿಕ ಮನೆಗೆ ಮರಳಿದರು. ನಾರ್ವೆಯಲ್ಲಿ 2011ರಲ್ಲಿ ಭಾರತೀಯ ದಂಪತಿಗಳ ಇಬ್ಬರು ಮಕ್ಕಳನ್ನು ಸರಕಾರ ವಶಕ್ಕೆ ತೆಗೆದುಕೊಂಡಾಗ ಆ ಪ್ರಸಂಗ ಎರಡು ದೇಶಗಳ ನಡುವಣ ಮಾತುಕತೆಯ ವಿಷಯವೇ ಆಯಿತು. ಬೇರೊಂದು ಪ್ರಕರಣದಲ್ಲಿ, 2019ರಲ್ಲಿ, ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು ನಾರ್ವೆಯ ಕ್ರಮ ಕುಟುಂಬ ಜೀವನದ ಹಕ್ಕಿಗೆ ಭಂಗ ತಂದಿತೆಂದು ತೀರ್ಪಿತ್ತಿತು.

ಎರಡನೆಯ ಆಕ್ಷೇಪ ಇದಕ್ಕೆ ತೀರ ವಿರುದ್ಧವಾದುದು: ಬರಬೇಕಾದಾಗ ಬರುವುದಿಲ್ಲ ಎಂಬುದು. 1973ರಲ್ಲಿ ಇಂಗ್ಲೆಂಡಿನಲ್ಲಿ ಮರಿಯಾ ಕಾಲ್ವೆಲ್ ಎಂಬ ಏಳು ವರ್ಷದ ಬಾಲೆ ಮಲತಂದೆಯ ಹೊಡೆತದಿಂದ ಸತ್ತಳು. ಸಾಕುಮನೆಯಲ್ಲಿ ಬೆಳೆಯುತ್ತಿದ್ದ ಅವಳನ್ನು ಹೆತ್ತ ತಾಯಿಯ ಬಳಿಗೆ ಮರಳಿ ಕಳುಹಿಸಲಾಗಿತ್ತು. ನೆರೆಹೊರೆಯವರೂ ಶಿಕ್ಷಕರೂ ಎಚ್ಚರಿಸಿದ್ದರೂ ಆ ಮಾತುಗಳು ಒಂದೆಡೆ ಕೂಡಿಬರಲಿಲ್ಲ.

ಮೂರನೆಯದು ಇಲ್ಲಿಯದೇ ಆದ ಆಕ್ಷೇಪ: ಲಗ್ನ ನಿಲ್ಲಿಸಿ, ಮುಚ್ಚಳಿಕೆ ಬರೆಸಿಕೊಂಡು ಹೋದವರು ಮತ್ತೆ ತಿರುಗಿ ನೋಡುವುದಿಲ್ಲ ಎಂಬುದು. ಚಿಂಚೋಳಿ ತಾಲ್ಲೂಕು ತೆಲಂಗಾಣದ ಅಂಚಿನಲ್ಲಿದೆ. ಇಲ್ಲಿ ತಡೆದ ಲಗ್ನವನ್ನು ಗಡಿಯಾಚೆಯ ಬಂಧುಗಳ ಊರಿನಲ್ಲಿ ಮುಗಿಸುವುದು ಕಷ್ಟವಲ್ಲ. ಕರ್ನಾಟಕದ ತಿದ್ದುಪಡಿ ಕರ್ನಾಟಕದ್ದೇ ಹೊರತು ನೆರೆಯ ರಾಜ್ಯದ್ದಲ್ಲ.

ಸಮಾಧಾನ

ಮೊದಲೆರಡು ಆಕ್ಷೇಪಗಳನ್ನು ಒಟ್ಟಿಗೆ ತೂಗಿದಾಗ ಒಂದು ಸತ್ಯ ಗೋಚರವಾಗುತ್ತದೆ. ಹೆಚ್ಚು ಮಧ್ಯೆ ಬಂದರೂ ತಪ್ಪು, ಕಡಿಮೆ ಬಂದರೂ ತಪ್ಪು. ಎರಡು ತಪ್ಪುಗಳನ್ನೂ ಏಕಕಾಲಕ್ಕೆ ಸಂಪೂರ್ಣವಾಗಿ ನಿವಾರಿಸಬಲ್ಲ ಕಾರ್ಯಕರ್ತ ಲೋಕದಲ್ಲಿಲ್ಲ. ನಾಳೆ ಏನಾಗುವುದೆಂದು ಇಂದು ತಿಳಿಯದೆಯೇ ಅವನು ನಿರ್ಧರಿಸಬೇಕು. ಲೋಕವಾದರೋ ನಾಳೆಯನ್ನು ಕಂಡ ಮೇಲೆ ಅವನನ್ನು ವಿಮರ್ಶಿಸುತ್ತದೆ. ಅವನ ಸೋಲು ಪತ್ರಿಕೆಯಲ್ಲಿ ಬರುತ್ತದೆ. ಅವನ ಗೆಲುವು ಏನೂ ಸಂಭವಿಸದಿರುವುದರಲ್ಲಿಯೇ ಇದೆ. ಸಂಭವಿಸದ ದುರಂತಕ್ಕೆ ಸಾಕ್ಷಿಯಿರುವುದಿಲ್ಲ.

ಅವನು ತನ್ನ ಪರವಾಗಿ ಮಾತನಾಡುವಂತೆಯೂ ಇಲ್ಲ. ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯಿದೆಯ 74ನೆಯ ಕಲಮು ನಿಷೇಧಿಸುತ್ತದೆ. ಕುಟುಂಬದವರು ಊರೆಲ್ಲ ಹೇಳಿಕೊಂಡು ಬರಬಹುದು. ತಾನೇಕೆ ಹಾಗೆ ಮಾಡಿದೆನೆಂಬುದನ್ನು ಕಾರ್ಯಕರ್ತ ಊರಿನ ಕಟ್ಟೆಯ ಮೇಲೆ ವಿವರಿಸಲಾರ. ಅವನ ಮೌನವನ್ನು ದರ್ಪವೆಂದು ತಿಳಿಯುವುದು ಅನ್ಯಾಯ.

ಜನಬಲವನ್ನೂ ಗಮನಿಸಬೇಕು. ಕೇಂದ್ರ ಸರಕಾರದ 2009ರ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯು ಒಂದು ಜಿಲ್ಲೆಯ ಘಟಕಕ್ಕೆ ಕೊಟ್ಟ ಸಮಾಜ ಕಾರ್ಯಕರ್ತರು ಇಬ್ಬರು, ಕ್ಷೇತ್ರ ಕಾರ್ಯಕರ್ತರು ಇಬ್ಬರು. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25 ಲಕ್ಷ 66 ಸಾವಿರ. ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ತಹಶೀಲ್ದಾರ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಮೊದಲಾದವರಿಗೂ ಬಾಲ್ಯವಿವಾಹ ತಡೆಯುವ ಹೊಣೆಯಿದೆಯಾದರೂ, ಅವರಿಗೆಲ್ಲ ಅದು ಹತ್ತು ಹೊಣೆಗಳಲ್ಲಿ ಒಂದು. ಘಟಕದ ನೌಕರರಲ್ಲಿ ಬಹುತೇಕರು ಗುತ್ತಿಗೆಯ ಮೇಲಿರುವವರು. ಇಂಥವರಿಂದ ಪ್ರತಿ ಮನೆಗೂ ಮರುಭೇಟಿಯನ್ನು ಅಪೇಕ್ಷಿಸುವುದು ನ್ಯಾಯವೇ ಸರಿ. ಆದರೆ ಅದು ನೆರವೇರದಿದ್ದಾಗ ದೋಷ ವ್ಯಕ್ತಿಯದೋ ವ್ಯವಸ್ಥೆಯದೋ ಎಂದು ವಿವೇಚಿಸಬೇಕು.

ಇದರಿಂದ ಆಕ್ಷೇಪಕರ ಬಾಯಿ ಮುಚ್ಚಿಸಿದಂತಾಗಬಾರದು. ಮಗುವನ್ನು ಸಂಸ್ಥೆಯಲ್ಲಿರಿಸುವುದು ಕೊನೆಯ ಉಪಾಯವಾಗಿರಬೇಕು, ಮಗುವಿನ ಮಾತನ್ನು ಆಲಿಸಬೇಕು ಎಂದು ಕಾಯಿದೆಯೇ ವಿಧಿಸಿದೆ. ಸಮಿತಿಯ ಆದೇಶದಿಂದ ನೊಂದವರು 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಈ ದಾರಿಗಳು ಬಡ ಪಾಲಕರಿಗೆ ತಿಳಿದಿರಬೇಕು. ತಿಳಿಸುವವರಿಲ್ಲದಿದ್ದರೆ ಕಾಯಿದೆಯ ಕರುಣೆ ಕಾಗದದಲ್ಲಿಯೇ ಉಳಿದೀತು.

ಶಾಲೆಯ ಪಾತ್ರ

ಮೂರನೆಯ ಆಕ್ಷೇಪಕ್ಕೆ ನಿಜವಾದ ಉತ್ತರ ಸರಕಾರದ ವಾಹನದಲ್ಲಿಲ್ಲ, ಶಾಲೆಯಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 21 ಮಂದಿ ಹದಿನೆಂಟು ತುಂಬುವ ಮೊದಲೇ ವಿವಾಹಿತರು. ಅದರ ಹಿಂದಿನ ಸಮೀಕ್ಷೆಯಲ್ಲಿಯೂ ಇದೇ ಪ್ರಮಾಣ. ಕಾಯಿದೆ ಬಿಗಿಯಾದರೂ ಅಂಕಿ ಕದಲಲಿಲ್ಲವೆಂದರೆ ಮೂಲಕಾರಣ ಬೇರೆಡೆ ಇದೆ. ಲಗ್ನ ನಿಂತ ಮೇಲೆ ಆ ಹುಡುಗಿ ಎಲ್ಲಿರಬೇಕು, ಏನು ಓದಬೇಕು, ಯಾರು ಖರ್ಚು ಕೊಡಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ನಿಂತ ಲಗ್ನ ಮುಂದೂಡಿದ ಲಗ್ನ ಮಾತ್ರ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಅದಕ್ಕೆ ಅರ್ಜಿ ಬರೆದುಕೊಡುವ ಕೈ ಶಿಕ್ಷಕನದಾಗಬಹುದು. ವಸತಿಯ ಏರ್ಪಾಡು ಹೆಣ್ಣುಮಕ್ಕಳ ನಿಲಯಗಳಿಂದ ಆಗಬಹುದು. ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ನಡೆಸಿಕೊಂಡು ಬಂದ ಮಠಗಳ ನಾಡಿನಲ್ಲಿ ಇದು ಅಸಾಧ್ಯವಾದ ಮಾತಲ್ಲ. ದಾನಿಗಳು ಮನಸ್ಸು ಮಾಡಬೇಕಷ್ಟೆ.

ಮಗು ಎರಡು ವಾರ ತರಗತಿಗೆ ಬಾರದಿರುವುದನ್ನು ಮೊದಲು ಕಾಣುವವನು ಕಾರ್ಯಕರ್ತನಲ್ಲ, ಹಾಜರಿ ಪುಸ್ತಕ ಹಿಡಿದ ಶಿಕ್ಷಕ. ಲೈಂಗಿಕ ದೌರ್ಜನ್ಯದ ವಿಷಯದಲ್ಲಂತೂ 2012ರ ಪೋಕ್ಸೊ ಕಾಯಿದೆಯು ತಿಳಿದವರೆಲ್ಲರೂ ವರದಿ ಮಾಡಲೇಬೇಕೆಂದು ವಿಧಿಸಿದೆ. ತನ್ನ ಕೈಕೆಳಗಿನವನ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ಸಂಸ್ಥೆಯ ಹೆಸರು ಕೆಟ್ಟೀತೆಂಬ ಭಯ ಮಗುವಿನ ಕ್ಷೇಮಕ್ಕಿಂತ ದೊಡ್ಡದಾಗಬಾರದು. ಈ ನಿಯಮ ಗುಡಿಸಲಿಗೂ ಒಂದೇ, ವಿದ್ಯಾಮಂದಿರಕ್ಕೂ ಒಂದೇ.

ಮಕ್ಕಳ ರಕ್ಷಣಾ ಕಾರ್ಯಕರ್ತನನ್ನು ಹೊಗಳುವ ಅಗತ್ಯವಿಲ್ಲ. ಹಳಿಯುವ ಮುನ್ನ ಒಮ್ಮೆ ಯೋಚಿಸುವ ಅಗತ್ಯವಿದೆ. ಅವನು ಹಂದರದ ಬಾಗಿಲಿಗೆ ಬಂದನೆಂದರೆ ಊರಿನಲ್ಲಿ ಅದಕ್ಕೂ ಮೊದಲು ಮಾತನಾಡಬೇಕಾಗಿದ್ದವರು ಹಲವರು ಸುಮ್ಮನಿದ್ದರೆಂದು ಅರ್ಥ. ಅವನು ಕೊನೆಗೆ ಬರುವವನು. ಮೊದಲು ಬರಬೇಕಾದವರು ನೆರೆಯವರು, ಹಿರಿಯರು, ಗುರುಗಳು. ಅವರು ತಮ್ಮ ಪಾಲಿನ ಕಾಯಕವನ್ನು ನಿರ್ವಹಿಸಿದ ಊರಿನಲ್ಲಿ ಸರಕಾರದ ವಾಹನ ಹಂದರದ ಮುಂದೆ ನಿಲ್ಲುವ ಪ್ರಸಂಗವೇ ವಿರಳವಾದೀತು.